ಒಂದೇ ಗುಟುಕಿಗೆ ಎರಡು ನ್ಯಾಯ

ಕೇಂದ್ರ ಸರ್ಕಾರದ ಅನುದಾನದಲ್ಲಿ ನಡೆಯುವ ವ್ಯಸನಮುಕ್ತಿ ಕೇಂದ್ರಗಳಿಗೆ ಒಂದು ಸಿಬ್ಬಂದಿ ಪಟ್ಟಿ ಇದೆ. ಯಾವ ಹುದ್ದೆಗೆ ಎಷ್ಟು ಜನ, ಏನು ಓದಿರಬೇಕು, ಗೌರವಧನ ಎಷ್ಟು, ಎಲ್ಲವೂ ಅದರಲ್ಲಿದೆ. ವೈದ್ಯರು ಎಂಬಿಬಿಎಸ್ ಮಾಡಿರಬೇಕು. ಆಪ್ತಸಮಾಲೋಚಕರಿಗೆ ಪದವಿ ಇರಬೇಕು. ನರ್ಸಿಗೆ ನರ್ಸಿಂಗ್ ಓದು ಬೇಕು. ಹೀಗೆ ಇಳಿಯುತ್ತ ಇಳಿಯುತ್ತ ಪಟ್ಟಿ ‘ಪೀರ್ ಎಜುಕೇಟರ್’ ಎಂಬ ಹುದ್ದೆಗೆ ಬಂದು ನಿಲ್ಲುತ್ತದೆ. ಒಂದು ಕಾಲಕ್ಕೆ ತಾನೇ ಚಟಕ್ಕೆ ಬಿದ್ದು, ಎದ್ದು, ಈಗ ಇನ್ನೊಬ್ಬರನ್ನು ಎತ್ತಲು ನಿಂತವನಿಗೆ ಮೀಸಲಾದ ಹುದ್ದೆ ಅದು. ಅವನಿಗೆ ಓದು ಬರಹ ಬಂದರೆ ಸಾಕು. ಆದರೆ ಒಂದೆರಡು ವರ್ಷ ಏನನ್ನೂ ಮುಟ್ಟದೆ ಇದ್ದಿರಬೇಕು. ಮುಂದೆಯೂ ಮುಟ್ಟುವುದಿಲ್ಲ ಎಂದು ಮಾತು ಕೊಡಬೇಕು.

ಕೇಂದ್ರದ ಆವರಣದೊಳಗೆ ಯಾರೂ ಕುಡಿಯಬಾರದು, ಸೇದಬಾರದು ಎಂಬುದು ಎಲ್ಲರಿಗೂ ಇದ್ದೇ ಇದೆ. ನಾನು ಕೇಳುತ್ತಿರುವುದು ಗೇಟಿನ ಹೊರಗಿನ ಬದುಕಿನ ಮಾತು. ತನ್ನ ಮನೆಯಲ್ಲಿ, ತನ್ನ ರಾತ್ರಿಯಲ್ಲಿ ಗ್ಲಾಸು ಮುಟ್ಟಿದನೇ ಎಂಬ ಪ್ರಶ್ನೆ ಅರ್ಹತೆಯ ಕಾಲಂನಲ್ಲೇ ಎದುರಾಗುವುದು ಆ ಕಟ್ಟಡದಲ್ಲಿ ಅವನೊಬ್ಬನಿಗೆ. ಗೌರವಧನದ ಲೆಕ್ಕದಲ್ಲಿ ಅಡುಗೆಯವರ, ಕಾವಲುಗಾರರ ಅಕ್ಕಪಕ್ಕ ಕೂತವನು ಅವನು. ಮೇಲಿನವರ ಗುಟುಕು ಅವರ ಖಾಸಗಿ ವಿಷಯ. ಅವನ ಗುಟುಕು ಮಾತ್ರ ಕಡತದ ವಿಷಯ.

ನನಗೆ ಸಿಟ್ಟು ಬಂದಿರುವುದು ಇದಕ್ಕೆ.

ಈ ಮಾತು ಎತ್ತಿದ ಕೂಡಲೇ ಜನ ಬೇರೆಯದೇ ಸಿಟ್ಟಿನ ಕಡೆ ಓಡುತ್ತಾರೆ. ‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ’ ಎಂದು ನಗುತ್ತಾರೆ. ಕುಡಿತ ಬಿಡಿಸುವ ಡಾಕ್ಟರೇ ಕುಡಿಯುತ್ತಾನಂತೆ, ಗುಟ್ಕಾ ಬಿಡಿ ಎಂದು ಭಾಷಣ ಮಾಡಿದ ಆರೋಗ್ಯ ಇಲಾಖೆಯವನ ಜೇಬಲ್ಲೇ ಪೊಟ್ಟಣ ಇತ್ತಂತೆ ಎಂದು ಕತೆ ಕಟ್ಟುತ್ತಾರೆ. ಆ ಕತೆಗಳಲ್ಲಿ ಸುಳ್ಳೇನೂ ಇಲ್ಲ. ಬೆಳಿಗ್ಗೆ ಮದ್ಯದಿಂದ ಕೆಟ್ಟ ಯಕೃತ್ತಿನ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದವರು ಸಂಜೆ ಹೋಟೆಲಿನ ಹುಲ್ಲುಹಾಸಿನ ಮೇಲೆ ಐಸ್ ಹಾಕಿಸಿಕೊಂಡು ನಿಲ್ಲುವುದು ವೈದ್ಯ ಸಮ್ಮೇಳನಗಳಲ್ಲಿ ಹೊಸದಲ್ಲ. ಔಷಧ ಕಂಪನಿಗಳ ಉಡುಗೊರೆ, ಆತಿಥ್ಯ ಕೂಡದು ಎಂದು ಭಾರತೀಯ ವೈದ್ಯಕೀಯ ಪರಿಷತ್ತು 2009ರಲ್ಲೇ ನಿಯಮ ತಂದಿತು. ನಿಯಮ ಪುಸ್ತಕದಲ್ಲಿದೆ, ಬಾರ್ ಕೌಂಟರ್ ಹುಲ್ಲುಹಾಸಿನಲ್ಲಿದೆ.

ಆದರೂ ಬದನೆಕಾಯಿ ನನ್ನ ತಕರಾರಲ್ಲ. ವೈದ್ಯ ಸನ್ಯಾಸಿಯಾಗಬೇಕಿಲ್ಲ. ಸಕ್ಕರೆ ಕಾಯಿಲೆಯ ಡಾಕ್ಟರು ಮದುವೆಮನೆಯಲ್ಲಿ ಹೋಳಿಗೆ ತಿಂದರೆ ನಾವು ಕ್ಲಿನಿಕ್ಕಿಗೆ ಬೀಗ ಜಡಿಯುವುದಿಲ್ಲ. ಕೆಲಸದ ಹೊತ್ತಿನಲ್ಲಿ ಕೈ ನಡುಗದಿದ್ದರೆ, ರೋಗಿಗೆ ಕೇಡಾಗದಿದ್ದರೆ, ಅವರ ಗ್ಲಾಸು ಅವರದು. ನಾನು ಕೇಳುವುದು ಇಷ್ಟು: ಆ ಉದಾರತೆ ಮೆಟ್ಟಿಲ ಮೇಲಿನವರಿಗೆ ಮಾತ್ರ ಏಕೆ? ಒಂದೇ ಕಟ್ಟಡ, ಒಂದೇ ಕೆಲಸ, ಒಂದೇ ದ್ರವ. ಒಬ್ಬ ಕುಡಿದರೆ ‘ಸ್ಟ್ರೆಸ್ಸು ಪಾಪ’. ಇನ್ನೊಬ್ಬ ಕುಡಿದರೆ ‘ಎಷ್ಟಾದರೂ ಕುಡುಕ ಕುಡುಕನೇ’.

ಈ ವೈದ್ಯವಿದ್ಯೆ ಹುಟ್ಟಿದ್ದಾದರೂ ಎಲ್ಲಿ ಎಂದು ನೋಡಿ. ಅದೇನು ಮಡಿ ಮೈಲಿಗೆ ನೋಡಿಕೊಂಡು ಹುಟ್ಟಿತೇ? ಆಲ್ಕೊಹಾಲಿಕ್ಸ್ ಅನಾನಿಮಸ್, ನಮ್ಮ ಊರುಗಳಲ್ಲೂ ಸಂಜೆ ಹೊತ್ತು ಸಭೆ ಸೇರುವ ಆ ‘ಎಎ’, 1935ರ ಜೂನ್ 10ನ್ನು ತನ್ನ ಹುಟ್ಟಿದ ದಿನ ಎನ್ನುತ್ತದೆ. ಅಮೆರಿಕದ ಆಕ್ರನ್ ಊರಿನ ಡಾಕ್ಟರ್ ಬಾಬ್ ಸ್ಮಿತ್ ಎಂಬ ಶಸ್ತ್ರವೈದ್ಯ ಕೊನೆಯ ಬಾರಿ ಕುಡಿದ ದಿನ ಅದು. ಅವತ್ತು ಅವನಿಗೆ ಆಪರೇಷನ್ ಇತ್ತು. ಕೈ ನಡುಗುತ್ತಿತ್ತು. ನಡುಕ ನಿಲ್ಲಲೆಂದು ಗೆಳೆಯ ಬಿಲ್ ವಿಲ್ಸನ್ ಅವನ ಕೈಗೆ ಬಿಯರ್ ಬಾಟಲಿ ಕೊಟ್ಟ. ಕುಡಿದು ಹೋಗಿ ಆಪರೇಷನ್ ಮುಗಿಸಿ ಬಂದ. ಆಮೇಲೆ ಇಬ್ಬರೂ ಸೇರಿ ಲೋಕದ ಕುಡುಕರಿಗೆಲ್ಲ ದಾರಿ ತೋರಿಸಿದರು. ಅದೇ ಬಿಲ್ ವಿಲ್ಸನ್ ಮದ್ಯ ಬಿಟ್ಟನೇ ಹೊರತು ಸಿಗರೇಟಿನ ಹಿಡಿತದಿಂದ ಬಹುಕಾಲ ಬಿಡಿಸಿಕೊಳ್ಳಲಾಗದೆ ಶ್ವಾಸಕೋಶ ಕೆಟ್ಟು 1971ರಲ್ಲಿ ತೀರಿಕೊಂಡ. ಅವನನ್ನು ಯಾರೂ ಮೋಸಗಾರ ಎನ್ನಲಿಲ್ಲ. ಎನ್ನಲೂಬಾರದು. ಮನುಷ್ಯ ಒಂದು ಹಗ್ಗ ಬಿಚ್ಚಿಕೊಳ್ಳುವಷ್ಟರಲ್ಲಿ ಇನ್ನೊಂದು ಕಾಲಿಗೆ ಸುತ್ತಿಕೊಂಡಿರುತ್ತದೆ.

ಕುಡಿತ ಬಿಡಿಸಲು ಇಂದಿಗೂ ಕೊಡುವ ಡೈಸಲ್ಫಿರಾಮ್ ಮಾತ್ರೆಯ ಕತೆಯೂ ಹೀಗೇ. 1940ರ ದಶಕದಲ್ಲಿ ಕೋಪನ್‌ಹೇಗನ್ನಿನ ಯೆನ್ಸ್ ಹಾಲ್ಡ್, ಎರಿಕ್ ಯಾಕೊಬ್ಸೆನ್ ಎಂಬ ಇಬ್ಬರು ವಿಜ್ಞಾನಿಗಳು ಜಂತುಹುಳುವಿಗೆ ಔಷಧ ಹುಡುಕುತ್ತಿದ್ದರು. ಮಾತ್ರೆಯನ್ನು ಮೊದಲು ತಾವೇ ನುಂಗಿ ನೋಡಿದರು. ಆಮೇಲೆ ಎಂದಿನಂತೆ ಒಂದಿಷ್ಟು ಮದ್ಯ ತೆಗೆದುಕೊಂಡಾಗ ಮುಖ ಕೆಂಪೇರಿತು, ಎದೆ ಬಡಿದುಕೊಂಡಿತು, ಹೊಟ್ಟೆ ತೊಳಸಿತು. ಇದರ ನಂಟು ಮದ್ಯದ ಜೊತೆಗೆ ಎಂದು ಹೊಳೆದದ್ದು ಆಗ. ಸಂಶೋಧಕರು ಕುಡಿಯದವರಾಗಿದ್ದರೆ ಆ ಔಷಧ ಆ ದಾರಿಯಲ್ಲಿ ಸಿಗುತ್ತಿರಲಿಲ್ಲ. ಅವರು ತಿಳಿದು ನುಂಗಿದರು. ನಮ್ಮಲ್ಲಿ ‘ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ’ ಎಂದು ಗೋಡೆಗೋಡೆಯ ಮೇಲೆ ಫೋನ್ ನಂಬರು ಬರೆದು ಪುಡಿ ಮಾರುತ್ತಾರೆ. ಅದರಲ್ಲಿ ಏನಿದೆಯೋ ಕೊಡುವವನಿಗೂ ಗೊತ್ತಿಲ್ಲ. ಡೈಸಲ್ಫಿರಾಮೇ ಆಗಿದ್ದರೆ, ಏನೂ ಅರಿಯದೆ ಅದರ ಮೇಲೆ ಕುಡಿದವನ ಹೃದಯ ನಿಂತುಹೋದೀತು. ಪ್ರಯೋಗಾಲಯದವನಿಗೆ ತನ್ನ ದೇಹದ ಮೇಲೆ ಹಕ್ಕಿತ್ತು. ಕೂಲಿಯವನ ದೇಹ ಯಾರು ಬೇಕಾದರೂ ಪ್ರಯೋಗ ಮಾಡುವ ಜಾಗ.

ವಿಲಿಯಂ ಹಾಲ್‌ಸ್ಟೆಡ್ ಎಂಬ ಇನ್ನೊಬ್ಬ ಇದ್ದ. ಆಧುನಿಕ ಶಸ್ತ್ರಚಿಕಿತ್ಸೆಯ ಪಿತಾಮಹರಲ್ಲಿ ಒಬ್ಬ. ನಮ್ಮ ಮೆಡಿಕಲ್ ಕಾಲೇಜುಗಳ ಪಿಜಿ ಹುಡುಗ ಹುಡುಗಿಯರು ಇವತ್ತಿಗೂ ನಿದ್ದೆಗೆಟ್ಟು ಅನುಭವಿಸುವ ರೆಸಿಡೆನ್ಸಿ ಪದ್ಧತಿಗೆ ಅಡಿಪಾಯ ಹಾಕಿದವನು. 1884ರ ಸುಮಾರಿಗೆ ನ್ಯೂಯಾರ್ಕಿನಲ್ಲಿ ಅರಿವಳಿಕೆಗಾಗಿ ಕೊಕೇನನ್ನು ತನ್ನ ಮೇಲೆಯೇ ಪ್ರಯೋಗ ಮಾಡಿ ಅದಕ್ಕೆ ದಾಸನಾದ. ಆಸ್ಪತ್ರೆ ಸೇರಿದ. ಹೊರಬಂದಾಗ ಕೊಕೇನಿನ ಜೊತೆ ಮಾರ್ಫಿನ್ನೂ ಅಂಟಿತ್ತು. ಗೆಳೆಯರು ಕೈಬಿಡಲಿಲ್ಲ. ಬಾಲ್ಟಿಮೋರಿಗೆ ಕರೆಸಿಕೊಂಡರು, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮುಖ್ಯ ಶಸ್ತ್ರವೈದ್ಯನ ಕುರ್ಚಿ ಕೊಟ್ಟರು. 1922ರಲ್ಲಿ ಸಾಯುವ ತನಕ ಅವನು ಆ ದೊಡ್ಡ ಮನುಷ್ಯನೇ. ಅವನ ಮಾರ್ಫಿನ್ ವಿಷಯವನ್ನು ಸಹೋದ್ಯೋಗಿ ವಿಲಿಯಂ ಆಸ್ಲರ್ ಒಂದು ಗುಪ್ತ ಟಿಪ್ಪಣಿಯಲ್ಲಿ ಬರೆದಿಟ್ಟಿದ್ದ. ಅದು ಲೋಕಕ್ಕೆ ತಿಳಿದದ್ದು 1969ರಲ್ಲಿ. ಎಷ್ಟು ದಪ್ಪನೆಯ ಕಂಬಳಿ ಹೊದಿಸಿದ್ದರು ನೋಡಿ! ಆ ಕಂಬಳಿಯ ಮೇಲೆ ನನಗೆ ಸಿಟ್ಟಿಲ್ಲ. ಅದರ ಅಡಿಯಲ್ಲಿ ಒಂದು ಪ್ರತಿಭೆ ಉಳಿಯಿತು, ಸಾವಿರಾರು ಜೀವ ಉಳಿಸಿತು. ಅದೇ ಆಸ್ಪತ್ರೆಯ ನೆಲ ಒರೆಸುವವನು ಮಾರ್ಫಿನ್ ಸೀಸೆಗೆ ಕೈ ಹಾಕಿದ್ದರೆ ಯಾವ ಗೆಳೆಯ ಕಂಬಳಿ ತರುತ್ತಿದ್ದ?

ಈಗ ನಮ್ಮ ಕೇರಿಗೆ ಬನ್ನಿ. ನಾನು ಬಲ್ಲ ಹುಡುಗನೊಬ್ಬ, ಗಾರೆ ಕೆಲಸದವನು. ಮನೆಯವರು ಸಾಲ ಮಾಡಿ ಒಂದು ಖಾಸಗಿ ಕೇಂದ್ರಕ್ಕೆ ಸೇರಿಸಿದ್ದರು. ತಿಂಗಳುಗಳು ಕಳೆದವು, ದುಡ್ಡು ಮುಗಿಯಿತು, ಅವನನ್ನು ಕಳಿಸಲಿಲ್ಲ. ‘ವಾಲಂಟಿಯರ್’ ಮಾಡಿದರು. ಬೆಳಗಿನ ಉಪ್ಪಿಟ್ಟು ಅವನೇ ಮಾಡಬೇಕು, ಕಕ್ಕಸು ಅವನೇ ತೊಳೆಯಬೇಕು, ರಾತ್ರಿ ಬಾಗಿಲು ಅವನೇ ಕಾಯಬೇಕು. ಹೊಸದಾಗಿ ಬಂದವರು ಕುಡಿತ ನಿಂತ ಎರಡನೆಯ, ಮೂರನೆಯ ದಿನ ಮೈ ನಡುಗಿ, ಇಲ್ಲದ ಹಾವು ಚೇಳು ಕಂಡು ಕಿರುಚಾಡುವಾಗ ಅವರನ್ನು ಅಪ್ಪಿ ಹಿಡಿದು ಮಲಗಿಸುವವನೂ ಅವನೇ. ಅದು ಪ್ರಾಣ ಹೋಗಬಹುದಾದ ಸ್ಥಿತಿ. ವೈದ್ಯರು ಬಳಿಯಲ್ಲಿರಬೇಕು, ಥಯಮಿನ್ ಹೋಗಬೇಕು, ನಡುಕ ತಗ್ಗಿಸುವ ಔಷಧ ಅಳತೆಯಲ್ಲಿ ಬೀಳಬೇಕು. ಆ ರಾತ್ರಿಗಳಲ್ಲಿ ಅಲ್ಲಿದ್ದದ್ದು ಗಾರೆ ಕಲಸಿ ಗಟ್ಟಿಯಾದ ಅವನ ಎರಡು ಕೈ ಮಾತ್ರ.

ವರ್ಷಗಳಾದ ಮೇಲೆ ಕೈಗಿಷ್ಟು ಸಂಬಳ ಬಂತು, ಕೊರಳಿಗೆ ಗುರುತಿನ ಚೀಟಿ ಬಂತು. ಭಾನುವಾರ ರೋಗಿಗಳ ಹೆಂಡಂದಿರು, ತಾಯಂದಿರು ಬಂದಾಗ ಅವನೇ ಎದ್ದು ನಿಂತು ಮಾತಾಡುತ್ತಿದ್ದ. ಡಾಕ್ಟರ ಮಾತಿಗೆ ತಲೆ ತಗ್ಗಿಸುತ್ತಿದ್ದ ಗಂಡಸರು ಇವನ ಮಾತಿಗೆ ತಲೆ ಎತ್ತುತ್ತಿದ್ದರು. ತಾಯಿ ತೀರಿಕೊಂಡಳು. ತಿಥಿಯ ರಾತ್ರಿ ಕುಡಿದ. ಮಾರನೆಯ ಬೆಳಿಗ್ಗೆ ಯಾರೂ ಕೇಳುವ ಮುಂಚೆ ತಾನೇ ಹೋಗಿ ಹೇಳಿದ. ಕೇಂದ್ರ ಅವನಿಗೆ ಕಲಿಸಿದ್ದೇ ಅದನ್ನು: ಜಾರಿದರೆ ಮುಚ್ಚಿಡಬೇಡ, ಬಂದು ಹೇಳು. ಹೇಳಿದವನ ಚೀಟಿ ಅವತ್ತೇ ಕಿತ್ತುಕೊಂಡರು. ಬೇರೆ ಕೇಂದ್ರಗಳವರ ವಾಟ್ಸಾಪ್ ಗುಂಪಿಗೆ ಅವನ ಫೋಟೊ ಹೋಯಿತು. ವಾರಕ್ಕೆ ಎರಡು ಸಲ ಬರುತ್ತಿದ್ದ ದೊಡ್ಡವರ ಬಾಯಿಂದ ಮಧ್ಯಾಹ್ನವೇ ವಾಸನೆ ಬರುತ್ತಿದ್ದದ್ದು ಅಡುಗೆಮನೆಗೂ ಗೊತ್ತಿತ್ತು. ‘ಸಾರ್‌ಗೆ ಇವತ್ತು ಹುಷಾರಿಲ್ಲ’ ಎಂದು ರೋಗಿಗಳನ್ನು ವಾಪಸು ಕಳಿಸುವ ಕೆಲಸವೂ ಇದೇ ಹುಡುಗನದಾಗಿತ್ತು.

‘ಅಕ್ಕಾ, ನಾನು ಕುಡಿದಿದ್ದು ಒಂದು ರಾತ್ರಿ. ಅವರು ನಾನು ಕುಡೀದೆ ಇದ್ದ ವರ್ಷಗಳನ್ನೆಲ್ಲ ಅಳಿಸಿಬಿಟ್ರು’ ಎಂದ.

‘ಮತ್ತೆ ಸೇರಿಸ್ಕೊಳ್ಳಿ ಅಂತ ಕೇಳಲಿಲ್ವೇನೋ?’ ಎಂದೆ.

‘ಕೇಳ್ದೆ. ಪೇಷೆಂಟಾಗಿ ಬೇಕಾದ್ರೆ ಬಾ, ಅಡ್ವಾನ್ಸ್ ಕಟ್ಟು ಅಂದ್ರು.’

ಇದಕ್ಕಿಂತ ಚೆನ್ನಾಗಿ ಈ ಉದ್ಯಮವನ್ನು ವಿವರಿಸಲು ನನಗೆ ಬರುವುದಿಲ್ಲ.

ವ್ಯಸನ ಒಂದು ಕಾಯಿಲೆ ಎಂದು ಎಲ್ಲ ಕೇಂದ್ರಗಳ ಗೋಡೆಯ ಮೇಲೂ ಬರೆದಿದೆ. ಬಿಟ್ಟವರಲ್ಲಿ ಅರ್ಧದಷ್ಟು ಮಂದಿ ಒಮ್ಮೆಯಾದರೂ ಮರಳಿ ಜಾರುತ್ತಾರೆ, ಬಿಪಿ, ಅಸ್ತಮಾ ಮರುಕಳಿಸುವ ಹಾಗೆಯೇ ಇದು ಎಂದು ಅವರ ಪಠ್ಯಪುಸ್ತಕವೇ ಹೇಳುತ್ತದೆ. ಭಾನುವಾರ ಹೆಂಡಂದಿರಿಗೆ ಅದನ್ನೇ ಬೋಧಿಸುತ್ತಾರೆ: ‘ಬಯ್ಯಬೇಡಿ ತಾಯಿ, ಅದು ಕಾಯಿಲೆಯ ಲಕ್ಷಣ, ತಾಳ್ಮೆ ಇರಲಿ’. ಹೊಡೆಸಿಕೊಂಡ ಹೆಂಗಸು ತಾಳ್ಮೆ ತಂದುಕೊಳ್ಳಬೇಕು. ಸಂಬಳ ಕೊಡುವ ಸಂಸ್ಥೆಗೆ ಮಾತ್ರ ಒಂದು ಸೋಮವಾರದ ತಾಳ್ಮೆಯೂ ಇಲ್ಲ.

ಕಾನೂನಿಲ್ಲವೇ? ಭರ್ಜರಿ ಕಾನೂನಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಮದ್ಯ, ಮಾದಕ ವಸ್ತುಗಳ ದುರ್ಬಳಕೆಗೆ ಅಂಟಿದ ಮಾನಸಿಕ ಸ್ಥಿತಿಗಳನ್ನೂ ಅದು ತನ್ನ ವ್ಯಾಪ್ತಿಗೆ ತಂದಿದೆ. ಅದರ 20ನೆಯ ಕಲಮು ಓದಿ: ರೋಗಿಯ ತಲೆ ಬಲವಂತವಾಗಿ ಬೋಳಿಸಕೂಡದು. ಬಲವಂತದ ದುಡಿಮೆ ಕೂಡದು. ದುಡಿದರೆ ತಕ್ಕ ಕೂಲಿ ಕೊಡಬೇಕು. 95ನೆಯ ಕಲಮಿನ ಪ್ರಕಾರ ಯಾವ ರೀತಿಯಲ್ಲೂ ಸರಪಳಿ ಹಾಕಕೂಡದು. ಇಷ್ಟನ್ನೆಲ್ಲ ಶಾಸನದಲ್ಲಿ ಬರೆಯಬೇಕಾಯಿತು ಎಂದರೆ ಒಳಗೆ ಏನೇನು ನಡೆದಿರಬೇಕು, ಲೆಕ್ಕ ಹಾಕಿ. ರೋಗಿಯನ್ನು ಮೂಲೆಗೆ ತಳ್ಳಿ ದೊಣ್ಣೆಯಲ್ಲಿ ಬಾರಿಸುವ ದೃಶ್ಯಗಳು ನಮ್ಮ ಟೀವಿಗಳಲ್ಲೇ ಬಂದು ಹೋದವು. ಆ ದೊಣ್ಣೆ ಹಿಡಿದವರು ಎಷ್ಟೋ ಸಲ ನಿನ್ನೆಯ ರೋಗಿಗಳೇ. ಹೊಡೆತವನ್ನೇ ಚಿಕಿತ್ಸೆಯೆಂದು ತಿಂದವನು ಹೊಡೆತವನ್ನೇ ಚಿಕಿತ್ಸೆಯೆಂದು ಕೊಡುತ್ತಾನೆ. ವೀಡಿಯೊ ಹೊರಬಂದ ದಿನ ಅವನೇ ಜೈಲಿಗೆ. ಅವನ ಕೈಗೆ ದೊಣ್ಣೆ ಕೊಟ್ಟವರು ‘ನಮ್ಮ ಗಮನಕ್ಕೆ ಬಂದಿರಲಿಲ್ಲ’ ಎಂದು ಪತ್ರಿಕಾಗೋಷ್ಠಿಗೆ.

ಇದಕ್ಕೂ ಒಂದು ಹಳೆಯ ಮೇಲ್ಪಂಕ್ತಿ ಇದೆ. 1958ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಾರ್ಲ್ಸ್ ಡೆಡರಿಕ್ ಎಂಬ ಮಾಜಿ ಕುಡುಕ ಸಿನನಾನ್ ಎಂಬ ಕೇಂದ್ರ ಕಟ್ಟಿದ. ಡಾಕ್ಟರು ಬೇಡ, ಚಟ ಬಿಟ್ಟವರೇ ಚಟ ಬಿಡಿಸಲಿ ಎಂಬುದು ಅವನ ಮಂತ್ರ. ಮೊದಮೊದಲು ಲೋಕವೇ ಕೊಂಡಾಡಿತು. ಆಮೇಲೆ ಸುತ್ತ ಕೂರಿಸಿ ಬಯ್ಯುವುದು, ತಪ್ಪಿದವರ ತಲೆ ಬೋಳಿಸುವುದು, ಹೊರಗಿನ ನಂಟು ಕಡಿಯುವುದು ಎಲ್ಲ ಶುರುವಾಯಿತು. 1978ರಲ್ಲಿ, ಸಂಸ್ಥೆಯ ವಿರುದ್ಧ ಗೆದ್ದ ವಕೀಲನ ಅಂಚೆಪೆಟ್ಟಿಗೆಯಲ್ಲಿ ಇಬ್ಬರು ಹಿಂಬಾಲಕರು ವಿಷದ ಹಾವು ಇಟ್ಟರು. ಹಾವು ಕಚ್ಚಿತು, ವಕೀಲ ಬದುಕಿಕೊಂಡ. ಪೊಲೀಸರು ಡೆಡರಿಕ್‌ನನ್ನು ಹಿಡಿಯಲು ಹೋದಾಗ ಆ ಮಹಾಗುರು ಕುಡಿದು ಮತ್ತನಾಗಿದ್ದ. ಹಾವಿಟ್ಟ ಇಬ್ಬರು ಜೈಲಿಗೆ ಹೋದರು. ಗುರುವಿಗೆ ಆರೋಗ್ಯ ಸರಿಯಿಲ್ಲವೆಂದು ಪ್ರೊಬೇಷನ್ ಸಿಕ್ಕಿತು! ಸಿನನಾನ್ ಹೆಸರು ಕೇಳದವರೂ ನಮ್ಮಲ್ಲಿ ಅದೇ ವಿದ್ಯೆ ನಡೆಸುತ್ತಿದ್ದಾರೆ, ಅದೇ ನ್ಯಾಯವನ್ನೂ.

ಹಾಗಾದರೆ ಚಟದಿಂದ ಎದ್ದವರನ್ನು ಈ ಕೆಲಸಕ್ಕೇ ತೆಗೆದುಕೊಳ್ಳಬಾರದೇ? ಈ ಜಗಳಕ್ಕೆ ನೂರು ವರ್ಷ ದಾಟಿದೆ. ಅಮೆರಿಕದಲ್ಲಿ ಲೆಸ್ಲಿ ಕೀಲಿ ಎಂಬ ವೈದ್ಯ 1879ರಿಂದ ‘ಚಿನ್ನದ ಔಷಧ’ವೆಂದು ಮಾರಿ ಊರೂರಿಗೂ ಕೇಂದ್ರ ತೆರೆದಾಗ ಅಲ್ಲಿ ಕೆಲಸ ಮಾಡಿದವರಲ್ಲಿ ಅವನ ಹಳೆಯ ರೋಗಿಗಳು ಬಹಳ ಮಂದಿ. ಅವರಲ್ಲಿ ವೈದ್ಯರೂ ಇದ್ದರು. ಇಂಥವರು ಚಿಕಿತ್ಸೆಗೆ ತಕ್ಕವರಲ್ಲ ಎಂದು ಅದೇ ಕಾಲದ ಕ್ರೋಥರ್ಸ್ ಎಂಬ ವ್ಯಸನ ತಜ್ಞ ಖಂಡಿಸಿ ಬರೆದ. ನಾನು ಕ್ರೋಥರ್ಸನ ಕಡೆಯವಳಲ್ಲ. ನಡುಗುವ ಮನುಷ್ಯನ ಪಕ್ಕದಲ್ಲಿ ರಾತ್ರಿ ಮೂರಕ್ಕೆ ಕೂತು ‘ನಂಗೂ ಹಿಂಗೇ ಆಗಿತ್ತಣ್ಣ, ಬೆಳಗಾಗ್ತದೆ’ ಎನ್ನುವವನು ಬೇಕೇ ಬೇಕು. ಆ ಮಾತನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಲಾರದು. ಆದರೆ ಆ ಮಾತಿನ ಬೆಲೆ ಅವನಿಗೆ ಸಿಗಬೇಕು: ತರಬೇತಿ, ಸಂಬಳ, ರಜೆ, ಅವನ ದುಃಖ ಕೇಳಲು ಅವನಿಗಿಂತ ಹಿರಿಯರೊಬ್ಬರು. ಬಿಟ್ಟು ಸ್ವಲ್ಪವೇ ದಿನವಾದವನನ್ನು ಹಗಲೂ ರಾತ್ರಿ ಕುಡಿತದ ಕತೆಗಳ ನಡುವೆ ಕೂರಿಸಿ, ಜಾರಿದ ದಿನ ‘ನೋಡಿ, ಹೇಳಿರಲಿಲ್ಲವೇ’ ಎನ್ನುವುದು ಹೊಂಡ ತೋಡಿ ತಳ್ಳುವ ಕೆಲಸ.

ಮೇಲಿನವರನ್ನು ಮುಚ್ಚಿಟ್ಟು ಕಾಪಾಡುವುದು ಅವರಿಗಾದರೂ ಒಳ್ಳೆಯದೇ ಎಂದರೆ ಅದೂ ಇಲ್ಲ. ಔಷಧದ ಬೀರುವಿನ ಕೀಲಿ ಯಾರ ಕೈಯಲ್ಲಿದೆಯೋ ಅವರಿಗೇ ಅಪಾಯ ಹೆಚ್ಚು. ಅರಿವಳಿಕೆ ವೈದ್ಯರ ಕೈಗೆ ಫೆಂಟನಿಲ್, ನರ್ಸುಗಳ ಕೈಗೆ ಫೋರ್ಟ್ವಿನ್ ಇಂಜೆಕ್ಷನ್, ಮನೋವೈದ್ಯರ ಮೇಜಿನ ಮೇಲೆ ಕಂಪನಿಯವರು ಇಟ್ಟುಹೋದ ನಿದ್ದೆ ಮಾತ್ರೆಗಳ ಸ್ಯಾಂಪಲ್. ಮೂವತ್ತಾರು ಗಂಟೆ ಡ್ಯೂಟಿ ಮಾಡಿದ ಹುಡುಗಿ ನಿದ್ದೆ ಬರದೆ ಒಂದು ಮಾತ್ರೆ ಮುರಿಯುತ್ತಾಳೆ, ಆಮೇಲೆ ಎರಡು. ತನ್ನ ಹೆಸರಿಗೆ ತಾನೇ ಚೀಟಿ ಬರೆದುಕೊಳ್ಳುತ್ತಾಳೆ. ಯಾರಿಗೆ ಹೇಳಬೇಕು? ಹೇಳಿದರೆ ಮದುವೆ ನಿಲ್ಲುತ್ತದೆ, ಸೀಟು ಹೋಗುತ್ತದೆ, ಹೆಸರು ಹಾಳಾಗುತ್ತದೆ. ಸಹೋದ್ಯೋಗಿಗಳು ಕಂಡೂ ಕಾಣದಂತೆ ಇರುತ್ತಾರೆ, ಅದನ್ನು ಸೌಜನ್ಯ ಎನ್ನುತ್ತಾರೆ. ಕೊನೆಗೆ ಸೌಜನ್ಯದ ನಡುವೆಯೇ ಒಂದು ದಿನ ಹಾಸ್ಟೆಲ್ ಬಾಗಿಲು ಒಡೆಯಬೇಕಾಗುತ್ತದೆ. ಕೆಳಗಿನವನನ್ನು ಶಿಕ್ಷೆ ಕೊಂದರೆ ಮೇಲಿನವರನ್ನು ಮೌನ ಕೊಲ್ಲುತ್ತದೆ. ಎರಡನ್ನೂ ಹೆತ್ತದ್ದು ಒಂದೇ ಸುಳ್ಳು: ಚಿಕಿತ್ಸೆ ಕೊಡುವವರಿಗೆ ಚಟ ಅಂಟುವುದಿಲ್ಲ ಎಂಬ ಸುಳ್ಳು.

ಮನಸ್ಸು ಮಾಡಿದರೆ ಏನು ಸಾಧ್ಯ ಎಂಬುದಕ್ಕೂ ಪುರಾವೆ ಇದೆ. ಅಮೆರಿಕದ ರಾಜ್ಯಗಳಲ್ಲಿ ಚಟಕ್ಕೆ ಬಿದ್ದ ವೈದ್ಯರಿಗೆಂದೇ ಪ್ರತ್ಯೇಕ ಆರೋಗ್ಯ ಕಾರ್ಯಕ್ರಮಗಳಿವೆ. ಮೊದಲು ಚಿಕಿತ್ಸೆ, ಆಮೇಲೆ ಐದು ವರ್ಷ ನಿಗಾ, ಆಗಾಗ ಪರೀಕ್ಷೆ, ನಡುವೆ ಮರಳಿ ಕೆಲಸಕ್ಕೆ. ಅಂಥ 16 ಕಾರ್ಯಕ್ರಮಗಳ 904 ವೈದ್ಯರನ್ನು ಹಿಂಬಾಲಿಸಿದ ಅಧ್ಯಯನವೊಂದು 2008ರಲ್ಲಿ ಬಿಎಂಜೆ ಪತ್ರಿಕೆಯಲ್ಲಿ ಬಂತು. ನಾಲ್ವರಲ್ಲಿ ಮೂವರಷ್ಟು ಮಂದಿಯ ಪರೀಕ್ಷೆಗಳಲ್ಲಿ ಐದು ವರ್ಷವೂ ಮದ್ಯ, ಮಾದಕ ಸಿಕ್ಕಲಿಲ್ಲ. ಹೆಚ್ಚಿನವರು ಕೊನೆಗೆ ಕೆಲಸದಲ್ಲೇ ಇದ್ದರು. ಆ ವ್ಯವಸ್ಥೆ ದುಬಾರಿ, ಬಲವಂತದ್ದು ಎಂಬ ದೂರುಗಳೂ ಇವೆ, ಇರಲಿ. ಆದರೆ ನನ್ನ ಕಣ್ಣಿಗೆ ಕಾಣುವುದು ಬೇರೆ. ತನ್ನವರನ್ನು ಉಳಿಸಿಕೊಳ್ಳಲೇಬೇಕು ಎಂದು ಒಂದು ವೃತ್ತಿ ತೀರ್ಮಾನಿಸಿದಾಗ ಅದು ಐದು ವರ್ಷ ಕೊಡುತ್ತದೆ, ಕೆಲಸ ಹಾಗೇ ಇಡುತ್ತದೆ, ಜಾರಿದರೆ ಮತ್ತೆ ಎತ್ತುತ್ತದೆ. ಮಿಕ್ಕವರಿಗೆ? ಎಂಟು ದಿನದ ಶಿಬಿರ, ಕೊನೆಯ ದಿನ ಹಾರ, ಪ್ರತಿಜ್ಞೆ, ಗ್ರೂಪ್ ಫೋಟೊ. ಒಂಬತ್ತನೆಯ ದಿನ ಅದೇ ಬೀದಿ, ಅದೇ ಸಾಲ, ಅದೇ ಅಂಗಡಿ. ಜಾರಿದರೆ ಅವನ ಯೋಗ್ಯತೆಯೇ ಅಷ್ಟು.

ಆ ಅಂಗಡಿಯ ಮಾಲೀಕರು ಯಾರು ಎಂದು ಕೇಳದೆ ಈ ಸಿಟ್ಟು ಪೂರ್ತಿಯಾಗುವುದಿಲ್ಲ. 2003ರಿಂದ ಕರ್ನಾಟಕದಲ್ಲಿ ಮದ್ಯದ ಸಗಟು ವ್ಯಾಪಾರ ಸರ್ಕಾರದ್ದೇ ಪಾನೀಯ ನಿಗಮದ ಕೈಯಲ್ಲಿದೆ. ಅದೇ ಸರ್ಕಾರಕ್ಕೆ ಮದ್ಯಪಾನ ಸಂಯಮ ಮಂಡಳಿಯೂ ಇದೆ. 2007ರ ಜುಲೈ 1ರಂದು ಸಾರಾಯಿ ನಿಲ್ಲಿಸಿ ಬಡವರ ಬೆನ್ನು ತಟ್ಟಿದರು. ಸಾರಾಯಿ ಪಾಕೀಟು ಹೋದ ಜಾಗಕ್ಕೆ ಅಗ್ಗದ ವಿಸ್ಕಿಯ ಪುಟ್ಟ ಪೆಟ್ಟಿಗೆ ಬಂದು ಕೂತಿತು. 2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಅಂತೆ! ಮಾದಕ ಪೇಯಗಳನ್ನು ನಿಷೇಧಿಸಲು ಪ್ರಯತ್ನಿಸಬೇಕು ಎನ್ನುವ ಸಂವಿಧಾನದ 47ನೆಯ ವಿಧಿ ಅದೇ ವಿಧಾನಸೌಧದ ಕಪಾಟಿನಲ್ಲಿ ಇದೆ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಕೂಲಿ ಹೆಂಗಸರು ನಡೆದು ಬಂದು ಕೇಳಿದರಲ್ಲ, ನಮ್ಮೂರಿಗೆ ಹೆಂಡದಂಗಡಿ ಬೇಡ ಎಂದು? ಖಜಾನೆಗೆ ಆ ಮಾತು ಕೇಳಿಸಲಿಲ್ಲ. ಗುಟುಕಿಲ್ಲದೆ ಬೆಳಗಾಗದ ಸ್ಥಿತಿಗೆ ಅದು ಯಾವತ್ತೋ ಬಂದಿದೆ. ವ್ಯಸನ ಬಿಡಿಸುವ ವೃತ್ತಿಯಲ್ಲಿರುವವರ ಸ್ವಂತ ಚಟದ ಬಗ್ಗೆ ಮಾತಾಡಬೇಕೆಂದರೆ ಮೊದಲ ಹೆಸರು ಸರ್ಕಾರದ್ದೇ. ಅದನ್ನು ಯಾರೂ ವಜಾ ಮಾಡುವುದಿಲ್ಲ, ಅದರ ಫೋಟೊ ಯಾವ ವಾಟ್ಸಾಪ್ ಗುಂಪಿಗೂ ಹೋಗುವುದಿಲ್ಲ. ಜೂನ್ 26ರ ಮಾದಕ ವಸ್ತು ವಿರೋಧಿ ದಿನ ಬಂದರೆ ಕೈ ಮುಂದೆ ಚಾಚಿ ನಮ್ಮ ಮಕ್ಕಳಿಗೆ ಪ್ರತಿಜ್ಞೆ ಬೋಧಿಸುವುದೂ ಅದೇ.

2019ರಲ್ಲಿ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿದ ಸಮೀಕ್ಷೆ ಹೊರಬಂತು. ದೇಶದಲ್ಲಿ ಮದ್ಯ ಕುಡಿಯುವವರು ಸುಮಾರು 16 ಕೋಟಿ. ಅವರಲ್ಲಿ ನೆರವು ಬೇಕಾದವರು 5.7 ಕೋಟಿ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಬಗೆಯ ಚಿಕಿತ್ಸೆ ಸಿಕ್ಕಿದೆ. ಆಸ್ಪತ್ರೆಯೊಳಗೆ ಹಾಸಿಗೆ ಸಿಕ್ಕಿದ್ದು 180ಕ್ಕೆ ಒಬ್ಬರಿಗೆ. ಚಿಕಿತ್ಸೆ ಕೊಡುವ ಕೈಗಳಿಗೇ ಬರ ಇರುವ ದೇಶದಲ್ಲಿ, ಅನುಭವದಿಂದ ಪಳಗಿದ ಕೈಗಳನ್ನು ಒಂದು ರಾತ್ರಿಯ ತಪ್ಪಿಗೆ ಕತ್ತರಿಸಿ ಎಸೆಯುತ್ತಿದ್ದೇವೆ. ಇದನ್ನು ಶಿಸ್ತು ಎಂದು ಕರೆಯುವವರು ಆ 37 ಮಂದಿಯ, ಆ 179 ಮಂದಿಯ ಮನೆಗೆ ಹೋಗಿ ಹೇಳಲಿ.

‘ಹಾಗಾದರೆ ಡಾಕ್ಟರಿಂದ ಜವಾನನವರೆಗೆ ಎಲ್ಲರ ಮೂತ್ರ ಪರೀಕ್ಷೆ ಮಾಡಿಬಿಡೋಣ’ ಎಂದು ಒಬ್ಬರು ನನಗೆ ಉತ್ಸಾಹದಿಂದ ಹೇಳಿದರು. ಸ್ವಾಮಿ, ಆ ಡಬ್ಬಿ ಮೊದಲು ಯಾರ ಕೈಗೆ ಬರುತ್ತದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ಚಿಕಿತ್ಸೆಯ ಬಾಗಿಲು ತೆರೆಯದೆ ಪರೀಕ್ಷೆಯ ಡಬ್ಬಿ ಹಿಡಿಯುವುದು ಪೊಲೀಸ್ ಕೆಲಸ. ಅದಕ್ಕೆ ಬೇರೆ ಇಲಾಖೆ ಇದೆ.

ನಾನು ಕೇಳುವುದು ದಯೆ ಅಲ್ಲ, ಸಮ ನಿಯಮ. ಸಿಬ್ಬಂದಿಯಲ್ಲಿ ಯಾರೇ ಚಟಕ್ಕೆ ಬಿದ್ದರೂ, ಮರಳಿ ಜಾರಿದರೂ, ಮಾಡಬೇಕಾದ್ದು ಪ್ರತಿ ಕೇಂದ್ರದಲ್ಲೂ ಬರಹದಲ್ಲಿರಲಿ. ಮೊದಲು ರೋಗಿಗಳಿಂದ ದೂರವಿಟ್ಟು ಸಂಬಳದ ರಜೆ ಕೊಡಲಿ, ಬೇರೆ ಕಡೆ ಗುಟ್ಟಾಗಿ ಚಿಕಿತ್ಸೆ ಕೊಡಿಸಲಿ, ನಿಗಾದಲ್ಲಿ ಮರಳಿ ಕೆಲಸಕ್ಕೆ ತೆಗೆದುಕೊಳ್ಳಲಿ. ಆ ಕಾಗದದಲ್ಲಿ ಹುದ್ದೆಯ ಹೆಸರೇ ಇರಬಾರದು, ನಿರ್ದೇಶಕನಿಗೂ ರಾತ್ರಿ ಕಾವಲಿನವನಿಗೂ ಅದೇ ಸಾಲು ಅನ್ವಯಿಸಬೇಕು. ರೋಗಿಗೆ ಕೇಡು ಮಾಡಿದವರಿಗೆ ಶಿಕ್ಷೆಯೂ ಹುದ್ದೆ ನೋಡದೆ ಆಗಬೇಕು. ‘ವಾಲಂಟಿಯರ್’ ಹೆಸರಿನಲ್ಲಿ ದುಡಿಸಿಕೊಂಡ ಪ್ರತಿ ದಿನಕ್ಕೂ 20ನೆಯ ಕಲಮಿನ ಪ್ರಕಾರ ಕೂಲಿ ಲೆಕ್ಕ ಹಾಕಬೇಕು. ಮಾನಸಿಕ ಆರೋಗ್ಯ ಪ್ರಾಧಿಕಾರದ ತಪಾಸಣೆಯವರು ಹಾಸಿಗೆ ಎಣಿಸುವ ಜೊತೆಗೆ ಪುಕ್ಕಟೆ ದುಡಿಯುವ ಕೈಗಳನ್ನೂ ಎಣಿಸಲಿ. ವೈದ್ಯರಿಗೆ, ನರ್ಸುಗಳಿಗೆ, ಕೌನ್ಸೆಲರುಗಳಿಗೆ ಹೆಸರು ಕೆಡದಂತೆ ಚಿಕಿತ್ಸೆ ಪಡೆಯುವ ಒಂದು ದಾರಿಯನ್ನು ರಾಜ್ಯವೇ ಕಟ್ಟಲಿ. ಹಣ ಎಲ್ಲಿಂದ ಎಂದು ದಯವಿಟ್ಟು ಕೇಳಬೇಡಿ, 40,000 ಕೋಟಿಯ ಗುರಿ ಇಟ್ಟವರ ಬಾಯಲ್ಲಿ ಆ ಪ್ರಶ್ನೆ ಹೇಸಿಗೆ.

ಇದಕ್ಕೆ ಸಂವಿಧಾನ ತಿದ್ದಬೇಕಿಲ್ಲ, ಕ್ರಾಂತಿಯೂ ಆಗಬೇಕಿಲ್ಲ. ಅನುದಾನ ಪಡೆಯುವ ಕೇಂದ್ರಗಳಿಗೆ ಒಂದು ಸುತ್ತೋಲೆ, ಖಾಸಗಿಯವರ ನೋಂದಣಿಗೆ ಒಂದು ಷರತ್ತು ಸಾಕು. ಅಷ್ಟನ್ನೂ ಮಾಡದವರು ವ್ಯಸನ ಕಾಯಿಲೆ ಎಂದು ಇನ್ನೊಮ್ಮೆ ವೇದಿಕೆ ಹತ್ತಿ ಹೇಳಬಾರದು. ನಿಮ್ಮ ನಂಬಿಕೆ ಅದಲ್ಲ. ಉಳ್ಳವರಿಗೆ ಅದು ಕಾಯಿಲೆ, ಇಲ್ಲದವರಿಗೆ ಅದು ಅಪರಾಧ ಎಂಬುದೇ ನಿಮ್ಮ ನಂಬಿಕೆ. ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆಸಿ ಗೇಟಿಗೆ ನೇತುಹಾಕಿ. ಸಾಲ ಮಾಡಿ ಮಗನನ್ನು ಕರೆತರುವ ತಾಯಂದಿರು ಒಳಗೆ ಕಾಲಿಡುವ ಮೊದಲು ಓದಿಕೊಳ್ಳಲಿ.